ಎಂಜಿನಿಯರಿಂಗ್ ವಿದ್ಯೆಯ ಮೊದಲ ಪಾಠ

ಎಂಜಿನಿಯರಿಂಗ್ ಕಾಲೇಜನ್ನು ಹೊಸದಾಗಿ ಸೇರಿದ ತರುಣನು ಮುಂದೆ ಸೇತುವೆಯನ್ನು ಕಟ್ಟುವವನಾಗಲಿ, ಯಂತ್ರವನ್ನು ನಡೆಸುವವನಾಗಲಿ, ವಿದ್ಯುಚ್ಛಕ್ತಿಯನ್ನು ಹಂಚುವವನಾಗಲಿ, ಮೊದಲನೆಯ ವರ್ಷದಲ್ಲಿ ಬಹುಮಟ್ಟಿಗೆ ಒಂದು ಪಾಠವು ಅವನಿಗೆ ತಪ್ಪದೆ ಎದುರಾಗುವುದು. ಬಿಳಿಯ ಹಾಳೆಯ ನಡುವೆ ಅಡ್ಡಲಾಗಿ ಒಂದು ಗೆರೆಯನ್ನೆಳೆಯಬೇಕು. ಆ ಗೆರೆಯ ಮೇಲುಗಡೆ ವಸ್ತುವಿನ ಎದುರುನೋಟವನ್ನೂ ಕೆಳಗಡೆ ಮೇಲುನೋಟವನ್ನೂ ಬರೆಯಬೇಕು. ಮೊದಲು ಒಂದು ಬಿಂದು, ಆಮೇಲೆ ಒಂದು ರೇಖೆ, ಆಮೇಲೆ ಒಂದು ಫಲಕ, ಕಡೆಗೆ ಶಂಕು ಗೋಪುರ ಮುಂತಾದ ಘನಾಕೃತಿಗಳು. ಈ ಪಾಠದಲ್ಲಿ ಎಡವದ ವಿದ್ಯಾರ್ಥಿಯು ವಿರಳ. ಗಣಿತದಲ್ಲಿ ನೂರಕ್ಕೆ ನೂರು ಅಂಕಗಳನ್ನು ಪಡೆದು ಬಂದ ಜಾಣನೂ ಇಲ್ಲಿ ಪೆನ್ಸಿಲನ್ನು ಹಿಡಿದುಕೊಂಡು ಮುಂಗಾಣದೆ ಕುಳಿತಿರುವುದುಂಟು. ಈ ಪಾಠವು ಎಲ್ಲಿ ಹುಟ್ಟಿತು, ಯಾರು ಹುಟ್ಟಿಸಿದರು, ಅದನ್ನು ಕಲಿಯುವ ಅಧಿಕಾರವು ಯಾರಿಗಿದ್ದಿತು, ಯಾರಿಗೆ ಇರಲಿಲ್ಲ ಎಂಬುದನ್ನು ಪಠ್ಯಪುಸ್ತಕಗಳು ಹೇಳುವುದಿಲ್ಲ. ಅಧಿಕಾರದ ಪ್ರಶ್ನೆಯೇ ಈ ಚರಿತ್ರೆಯಲ್ಲಿ ಮುಖ್ಯವಾದುದು.

ಕಟ್ಟುವ ವಿದ್ಯೆಯು ಹಳೆಯದು. ಅದನ್ನು ಗೆರೆಗಳಲ್ಲಿ ಹಿಡಿದಿಡುವ ಯತ್ನವೂ ಹಳೆಯದೇ. ನಮ್ಮ ದೇಶದಲ್ಲಿ ಬೌಧಾಯನ, ಆಪಸ್ತಂಬ ಮೊದಲಾದವರ ಶುಲ್ಬಸೂತ್ರಗಳು ಹಗ್ಗ ಗೂಟಗಳಿಂದ ನೆಲದ ಮೇಲೆ ವೇದಿಯನ್ನು ಅಳೆದು ಗುರುತಿಸುವ ಕ್ರಮವನ್ನು ವಿಧಿಸಿದುವು. ಗಿಡುಗನ ಆಕಾರದ ಚಿತಿಗೆ ಐದು ಪದರಗಳು, ಪದರಕ್ಕೆ 200 ಇಟ್ಟಿಗೆಗಳು. ಒಂದು ಪದರದ ಸಂದಿಯ ಮೇಲೆ ಮುಂದಿನ ಪದರದ ಸಂದಿ ಬೀಳಕೂಡದು. ಇಂದಿನ ಗಾರೆಯವನಿಗೂ ಈ ನಿಯಮ ಗೊತ್ತು. ಶಿಲ್ಪಗ್ರಂಥಗಳಾದರೋ ಸ್ಥಪತಿ, ಸೂತ್ರಗ್ರಾಹಿ, ವರ್ಧಕಿ, ತಕ್ಷಕ ಎಂದು ನಾಲ್ವರನ್ನು ಹೇಳಿ, ನೂಲನ್ನು ಹಿಡಿದು ಗೆರೆ ಹಾಕುವ ಸೂತ್ರಗ್ರಾಹಿಯು ಸ್ಥಪತಿಯ ಮಗನೋ ಶಿಷ್ಯನೋ ಆಗಿರತಕ್ಕದ್ದೆಂದು ಮಯಮತದಲ್ಲಿ ನಿಯಮಿಸಿದುವು. ಎಂದರೆ ವಿದ್ಯೆಯು ಮನೆಯೊಳಗಿನ ಸೊತ್ತು. ಯುರೋಪಿನಲ್ಲಿಯೂ ಕಲ್ಲುಕುಟಿಗರ ಸಂಘಗಳ ರೀತಿಯು ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ. ಕಮಾನಿನ ಕಲ್ಲನ್ನು ಯಾವ ಓರೆಯಲ್ಲಿ ಕಡಿಯಬೇಕೆಂಬ ಮರ್ಮವು ಗುರುವಿನ ಕೈಯಿಂದ ಶಿಷ್ಯನ ಕೈಗೆ ಇಳಿಯುತ್ತಿತ್ತೇ ಹೊರತು ಪುಸ್ತಕಕ್ಕೆ ಏರುತ್ತಿರಲಿಲ್ಲ. ಒಬ್ಬ ಬಡಗಿಗೆ ಒಂದು ಉಪಾಯ, ಒಬ್ಬ ಕುಟಿಗನಿಗೆ ಮತ್ತೊಂದು; ಎಲ್ಲಕ್ಕೂ ತಾಯಿಬೇರು ಒಂದೇ ಎಂಬುದನ್ನು ಕಂಡವರಿರಲಿಲ್ಲ.

ಅದನ್ನು ಕಂಡವನು ಗಾಸ್ಪಾರ್ ಮೋಂಜ್. ಕ್ರಿ. ಶ. 1746ರಲ್ಲಿ ಫ್ರಾನ್ಸು ದೇಶದ ಬರ್ಗಂಡಿ ಸೀಮೆಯ ಬೋನ್ ಎಂಬ ಊರಿನಲ್ಲಿ ಒಬ್ಬ ಸಣ್ಣ ವ್ಯಾಪಾರಿಯ ಮಗನಾಗಿ ಇವನು ಹುಟ್ಟಿದನು. ತಂದೆಯು ಊರೂರು ತಿರುಗಿ ಸರಕು ಮಾರುತ್ತಿದ್ದನೆಂದೂ ಚೂರಿ ಕತ್ತರಿಗಳಿಗೆ ಸಾಣೆ ಹಿಡಿಯುತ್ತಿದ್ದನೆಂದೂ ಹೇಳುವರು. ಮಕ್ಕಳ ವಿದ್ಯೆಯ ವಿಷಯದಲ್ಲಿ ಮಾತ್ರ ಆ ತಂದೆಯು ಕೈ ಬಿಗಿಹಿಡಿಯಲಿಲ್ಲ. ಹುಡುಗನು ಪಾದ್ರಿಗಳ ಶಾಲೆಯಲ್ಲಿ ಓದಿ, ಇನ್ನೂ ಮೀಸೆ ಮೂಡುವ ವಯಸ್ಸಿನಲ್ಲಿಯೇ ಲಿಯೋನ್ ನಗರದಲ್ಲಿ ಭೌತಶಾಸ್ತ್ರವನ್ನು ಬೋಧಿಸಲು ತೊಡಗಿದನು. ರಜೆಯಲ್ಲಿ ಊರಿಗೆ ಬಂದಾಗ, ಅಳತೆಯ ಉಪಕರಣಗಳನ್ನು ತಾನೇ ಮಾಡಿಕೊಂಡು, ಬೋನ್ ಪಟ್ಟಣದ ದೊಡ್ಡದೊಂದು ನಕ್ಷೆಯನ್ನು ರಚಿಸಿದನು. ಅದನ್ನು ನೋಡಿದ ಸೇನೆಯ ಅಧಿಕಾರಿಯೊಬ್ಬನು ಮೆಚ್ಚಿ, ಮೆಜಿಯೇರ್ ಎಂಬಲ್ಲಿದ್ದ ಸೈನಿಕ ಎಂಜಿನಿಯರಿಂಗ್ ಶಾಲೆಗೆ ಶಿಫಾರಸು ಮಾಡಿದನು.

ಆ ಶಾಲೆಯು 1748ರಲ್ಲಿ ಸ್ಥಾಪಿತವಾಗಿ, ಯುರೋಪಿನಲ್ಲೆಲ್ಲಾ ಹೆಸರಾಗಿದ್ದಿತು. ಆದರೆ ಅಲ್ಲಿ ಅಧಿಕಾರಿಯಾಗಿ ಕಲಿಯುವುದಕ್ಕೆ ಕುಲೀನರ ಮನೆಯಲ್ಲಿ ಹುಟ್ಟಿರಬೇಕು, ಇಲ್ಲವೆ ಕುಲೀನರಂತೆ ಬಾಳುವ ಮನೆತನದವನಾಗಿರಬೇಕು. ಸಾಣೆಯವನ ಮಗನಿಗೆ ಆ ಬಾಗಿಲು ತೆರೆಯಲಿಲ್ಲ. ಅವನಿಗೆ ಸಿಕ್ಕಿದುದು ಕೆಳಗಿನ ನಕ್ಷೆಗಾರರ ಕೊಠಡಿ. ಅಲ್ಲಿ ಸುಣ್ಣದ ಗಾರೆಯಿಂದ ಮಾದರಿಗಳನ್ನು ಎರಕಹೊಯ್ಯುವುದು, ಮೇಲಿನವರು ಕೊಟ್ಟ ಚಿತ್ರಗಳನ್ನು ನಕಲುಮಾಡುವುದು, ಇಷ್ಟೇ ಕೆಲಸ. ತನ್ನ ಕೈಯ ಕುಶಲತೆಯನ್ನು ಮಾತ್ರ ಎಲ್ಲರೂ ಹೊಗಳುತ್ತಿರುವರೆಂದು ಮೋಂಜನು ಒಳಗೊಳಗೇ ನೊಂದುಕೊಂಡನು.

ಸ್ವಲ್ಪ ಕಾಲದಲ್ಲಿಯೇ ಅವಕಾಶ ಒದಗಿತು. ಒಂದು ಕೋಟೆಯ ನಕ್ಷೆಯನ್ನು ಸಿದ್ಧಪಡಿಸುವ ಕೆಲಸ ಅವನ ಪಾಲಿಗೆ ಬಂದಿತು. ಸುತ್ತಣ ದಿಣ್ಣೆಗಳ ಮೇಲೆ ಶತ್ರುವು ನಿಂತರೆ ಕೋಟೆಯ ಒಳಗು ಅವನ ಕಣ್ಣಿಗೂ ಗುಂಡಿಗೂ ಸಿಕ್ಕಕೂಡದು. ಹಾಗೆಂದು ಗೋಡೆಗಳನ್ನು ಬೇಕಾದುದಕ್ಕಿಂತ ಎತ್ತರಿಸಿ ಹಣವನ್ನು ಮಣ್ಣುಪಾಲು ಮಾಡಲೂ ಕೂಡದು. ಇದನ್ನು ನಿರ್ಣಯಿಸುವುದಕ್ಕೆ ಆಗಿನವರು ದಿಣ್ಣೆ ದಿಣ್ಣೆಗೂ ಬೇರೆ ಬೇರೆ ಅಳತೆ ತೆಗೆದು, ಉದ್ದುದ್ದನೆಯ ಲೆಕ್ಕಗಳನ್ನು ಹಾಕುತ್ತಿದ್ದರು. ಮೋಂಜನು ಲೆಕ್ಕವನ್ನು ಬಿಟ್ಟು ಗೆರೆಗಳಿಂದಲೇ ಅದನ್ನು ಬಿಡಿಸಿ, ಕೆಲಸವನ್ನು ಬಹಳ ಬೇಗ ಮುಗಿಸಿ ಒಪ್ಪಿಸಿದನು. ಇಷ್ಟು ಅಲ್ಪ ಕಾಲದಲ್ಲಿ ಲೆಕ್ಕವೇ ಮುಗಿದಿರಲಾರದೆಂದು ಹೇಳಿ ಮೇಲಧಿಕಾರಿಯು ಮೊದಲು ಅದನ್ನು ಪರೀಕ್ಷಿಸಲೂ ಒಪ್ಪಲಿಲ್ಲವಂತೆ. ತರುಣನು ಪಟ್ಟುಹಿಡಿದನು. ನೋಡಿದರು; ಸರಿಯಾಗಿದ್ದಿತು. ಅವನನ್ನು ಬೋಧಕವರ್ಗಕ್ಕೆ ಸೇರಿಸಿಕೊಂಡರು. ಆದರೆ ಆ ವಿಧಾನವನ್ನು ಹೊರಗೆ ಪ್ರಕಟಿಸಕೂಡದೆಂದು ನಿರ್ಬಂಧವಾಯಿತು. ಅದು ಯುದ್ಧರಹಸ್ಯವಾಗಿ, ಹಲವು ವರ್ಷಗಳ ಕಾಲ ಆ ಶಾಲೆಯ ಗೋಡೆಗಳೊಳಗೇ ಉಳಿಯಿತು.

ಆ ರಹಸ್ಯವು ಏನೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುವುದು ಲೇಸು. ಮನೆಯ ಕೋಣೆಯೊಂದರ ಮೂಲೆಯನ್ನು ವಾಚಕರು ಭಾವಿಸಲಿ. ನೆಲವು ಒಂದು ತಲ. ಎದುರು ಗೋಡೆಯು ಅದಕ್ಕೆ ಲಂಬವಾದ ಮತ್ತೊಂದು ತಲ. ಗಾಳಿಯಲ್ಲಿ ದೀಪವೊಂದು ತೂಗುತ್ತಿರುವುದು. ದೀಪದಿಂದ ನೆಲಕ್ಕೆ ನೇರವಾಗಿ ಒಂದು ಗುಂಡುದಾರವನ್ನು ಇಳಿಬಿಟ್ಟರೆ ನೆಲದ ಮೇಲೆ ಒಂದು ಗುರುತು; ಗೋಡೆಗೆ ನೇರವಾಗಿ ಒಂದು ಕೋಲನ್ನು ಚಾಚಿದರೆ ಗೋಡೆಯ ಮೇಲೆ ಮತ್ತೊಂದು ಗುರುತು. ಈ ಎರಡು ಗುರುತುಗಳಿದ್ದರೆ ಸಾಕು. ದೀಪವನ್ನು ತೆಗೆದುಬಿಟ್ಟರೂ ಅದು ಎಲ್ಲಿದ್ದಿತೆಂದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಹೇಳಬಹುದು. ಇನ್ನು ಗೋಡೆಯು ನೆಲವನ್ನು ಕೂಡುವ ಗೆರೆಯೇ ಬಾಗಿಲಿನ ತಿರುಗಣೆಯಾಗಿ, ಗೋಡೆಯು ಹಿಂದಕ್ಕೆ ಮಗುಚಿ ನೆಲದ ಮಟ್ಟಕ್ಕೆ ಮಲಗಿತೆಂದು ಭಾವಿಸಿದರೆ, ಗೋಡೆಯ ಚಿತ್ರ ನೆಲದ ಚಿತ್ರ ಎರಡೂ ಒಂದೇ ಹಾಳೆಯ ಮೇಲೆ ಬರುವುವು. ನಡುವಿನ ಅಡ್ಡಗೆರೆಯೇ ಆ ತಿರುಗಣೆ. ಮೇಲೆ ಎದುರುನೋಟ, ಕೆಳಗೆ ಮೇಲುನೋಟ. ಉದ್ದ ಅಗಲ ಎತ್ತರಗಳುಳ್ಳ ಜಗತ್ತು ಎತ್ತರವಿಲ್ಲದ ಕಾಗದದಲ್ಲಿ ಹೀಗೆ ಅಡಗುವುದು, ಮತ್ತೆ ಬೇಕಾದಾಗ ಎದ್ದು ನಿಲ್ಲುವುದು. ಓರೆಯಾಗಿರುವ ತೊಲೆಯ ನಿಜವಾದ ಉದ್ದವೆಷ್ಟು, ಎರಡು ಕೊಳವೆಗಳು ಕೂಡುವೆಡೆಯಲ್ಲಿ ತಗಡನ್ನು ಯಾವ ಡೊಂಕಿಗೆ ಕತ್ತರಿಸಬೇಕು, ಕಮಾನಿನ ಕಲ್ಲಿನ ಆರೂ ಮುಖಗಳು ಹೇಗಿರಬೇಕು, ಇವೆಲ್ಲವನ್ನೂ ಅಳತೆಗೋಲು ಕೈವಾರಗಳಿಂದಲೇ ಹಾಳೆಯ ಮೇಲೆ ಕಂಡುಹಿಡಿಯಬಹುದು.

ನಕ್ಷೆ ಎದುರುನೋಟಗಳನ್ನು ಬೇರೆ ಬೇರೆಯಾಗಿ ಬರೆಯುವ ವಾಡಿಕೆ ಮೋಂಜನಿಗಿಂತ ಬಹು ಹಿಂದಿನದು. ಅವನ್ನು ಒಂದಕ್ಕೊಂದು ಬಿಗಿದು, ಒಂದು ಶಾಸ್ತ್ರವನ್ನಾಗಿ ಮಾಡಿದುದು ಅವನ ಹಿರಿಮೆ. ಆ ಶಾಸ್ತ್ರಕ್ಕೆ ನಿರೂಪಣ ರೇಖಾಗಣಿತವೆಂದು ಹೆಸರಿಡಬಹುದು.

ಮೆಜಿಯೇರಿನಲ್ಲಿ ಅವನ ಶಿಷ್ಯರಾಗಿದ್ದವರಲ್ಲಿ ಲಜಾರ್ ಕಾರ್ನೋ ಎಂಬಾತನೊಬ್ಬನು. ಮುಂದೆ 1789ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯು ಎದ್ದು, ಅರಸನೂ ಕುಲೀನರೂ ಸ್ಥಾನಭ್ರಷ್ಟರಾದ ಮೇಲೆ, ಇದೇ ಕಾರ್ನೋ ದೇಶರಕ್ಷಣೆಯ ಹೊಣೆ ಹೊತ್ತವರಲ್ಲಿ ಮುಖ್ಯನಾದನು. ಮೋಂಜನು 1792ರಲ್ಲಿ ನೌಕಾಮಂತ್ರಿಯಾದನು. ಫಿರಂಗಿಗಳನ್ನು ಎರಕಹೊಯ್ಯುವ ಕ್ರಮವನ್ನು ಕುರಿತು ಕೆಲಸಗಾರರಿಗಾಗಿ ಒಂದು ಪುಸ್ತಕವನ್ನು ಬರೆದನು. ನೆರೆರಾಜ್ಯಗಳೆಲ್ಲಾ ಮೇಲೆ ಬಿದ್ದಿದ್ದುವು. ಎಂಜಿನಿಯರುಗಳಲ್ಲಿ ಕುಲೀನರಾದ ಬಹುಮಂದಿ ದೇಶವನ್ನೇ ಬಿಟ್ಟು ಓಡಿದ್ದರು. ರಸ್ತೆ, ಸೇತುವೆ, ಕೋಟೆ, ಬಂದರು, ಗಣಿ, ಯಾವುದನ್ನು ನೋಡಿಕೊಳ್ಳುವುದಕ್ಕೂ ಬಲ್ಲವರಿಲ್ಲವಾಯಿತು. ಇಂತಹ ಸಂಕಟದಲ್ಲಿ 1794ನೆಯ ಇಸವಿಯಲ್ಲಿ ಪ್ಯಾರಿಸ್ಸು ನಗರದಲ್ಲಿ ಲೋಕೋಪಯೋಗಿ ಕಾರ್ಯಗಳ ಕೇಂದ್ರಶಾಲೆಯು ಹುಟ್ಟಿತು. ಮರುವರ್ಷವೇ ಅದಕ್ಕೆ ಎಕೋಲ್ ಪಾಲಿಟೆಕ್ನಿಕ್ ಎಂದು ನಾಮಾಂತರವಾಯಿತು. ಇಂದು ನಮ್ಮ ತಾಲ್ಲೂಕು ತಾಲ್ಲೂಕಿನಲ್ಲಿಯೂ ಕೇಳಿಬರುವ ಪಾಲಿಟೆಕ್ನಿಕ್ ಎಂಬ ಮಾತಿನ ಮೂಲವು ಇದೇ.

ಪ್ರವೇಶಕ್ಕೆ ಕುಲವನ್ನು ಕೇಳಲಿಲ್ಲ. ದೇಶದ ನಾನಾ ಪಟ್ಟಣಗಳಲ್ಲಿ ಪರೀಕ್ಷೆ ನಡೆದು, ಸುಮಾರು 400 ಮಂದಿ ಹುಡುಗರು ಆಯ್ಕೆಯಾದರು. ಓದುವುದಕ್ಕೆ ಸರ್ಕಾರವೇ ವೇತನ ಕೊಟ್ಟಿತು. ಪಾಠಕ್ರಮವನ್ನು ಮುಖ್ಯವಾಗಿ ರಚಿಸಿದವನು ಮೋಂಜನು: ಮೊದಲನೆಯ ವರ್ಷ ಕಲ್ಲು ಮರಗಳ ಕಡಿತ, ನೆರಳು, ದೂರದರ್ಶನ ಚಿತ್ರಗಳೊಡನೆ ನಿರೂಪಣ ರೇಖಾಗಣಿತ; ಎರಡನೆಯ ವರ್ಷ ರಸ್ತೆ ಸೇತುವೆ ಕಟ್ಟಡಗಳು; ಮೂರನೆಯ ವರ್ಷ ದುರ್ಗರಚನೆ. ಇವುಗಳ ಜೊತೆಗೆ ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಯಾವ ಕವಲಿಗೆ ಹೋಗುವವನಾದರೂ ಮೊದಲು ಎಲ್ಲರಿಗೂ ಸಮಾನವಾದ ಒಂದು ತಳಹದಿ ಇರಬೇಕೆಂಬ ಭಾವನೆಯು ಇಲ್ಲಿ ಸ್ಪಷ್ಟವಾದ ರೂಪವನ್ನು ತಾಳಿತು. ಇಂದಿನ ಕಾಲೇಜುಗಳ ಮೊದಲನೆಯ ವರ್ಷವು ಈ ಭಾವನೆಯ ಸಂತಾನವೇ.

ಆದರೆ ಮೂರು ವರ್ಷ ಕಾಯುವಷ್ಟು ತಾಳ್ಮೆ ಆ ಕಾಲಕ್ಕೆ ಇರಲಿಲ್ಲ. ಮೂರು ವರ್ಷಗಳ ಸಾರವನ್ನು ಮೂರು ತಿಂಗಳಲ್ಲಿ ಹೇಳಿ ಮುಗಿಸಿ, ಆಮೇಲೆ ಹುಡುಗರನ್ನು ಅವರವರ ಯೋಗ್ಯತೆಯಂತೆ ಮೂರು ತರಗತಿಗಳಾಗಿ ವಿಂಗಡಿಸುವುದೆಂದು ಗೊತ್ತಾಯಿತು. ಸುಮಾರು ಇಪ್ಪತ್ತು ಮಂದಿಗೆ ಒಂದು ತಂಡ, ತಂಡಕ್ಕೊಬ್ಬ ಮುಖಂಡ. ಈ ಮುಖಂಡರನ್ನು ವಿದ್ಯಾರ್ಥಿಗಳಲ್ಲಿಯೇ ಆರಿಸಿ, ಮಿಕ್ಕವರಿಗಿಂತ ಮುಂಚೆ ಬೇರೆಯಾಗಿ ಸಿದ್ಧಪಡಿಸಿದ್ದರು. ಅವರಿಗೆ ಪಾಠ ಹೇಳುವುದರಲ್ಲಿ ಮೋಂಜನು ಹಗಲಿರುಳೆನ್ನದೆ ದುಡಿದನು. ಉಪನ್ಯಾಸ ಮುಗಿದ ಕೂಡಲೇ ಹುಡುಗರು ತಂತಮ್ಮ ತಂಡದ ಕೊಠಡಿಗೆ ಹೋಗಿ, ಆಗ ತಾನೆ ಕೇಳಿದುದನ್ನು ಕೈಯಾರೆ ಹಾಳೆಯ ಮೇಲೆ ಬರೆಯಬೇಕು. ಕೇಳಿದುದು ಕಿವಿಯಲ್ಲಿ ಆರುವುದಕ್ಕೆ ಮುಂಚೆ ಕೈಗೆ ಇಳಿಯಬೇಕೆಂಬುದು ಉದ್ದೇಶ. ನಮ್ಮ ಪಾಠಶಾಲೆಗಳಲ್ಲಿ ಹಿರಿಯ ವಿದ್ಯಾರ್ಥಿಯು ಕಿರಿಯರಿಗೆ ರೂಪಗಳನ್ನು ಒಪ್ಪಿಸಿಕೊಳ್ಳುವ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಮೋಂಜನ ಬೋಧನೆಯ ರೀತಿಯನ್ನು ಅವನ ಶಿಷ್ಯರು ಬಹಳ ಅಕ್ಕರೆಯಿಂದ ನೆನೆದಿರುವರು. ಅವನ ನಾಲಗೆಗಿಂತ ಕೈಗಳು ಹೆಚ್ಚು ಮಾತನಾಡುತ್ತಿದ್ದುವು. ಎರಡು ವಕ್ರತಲಗಳು ಒಂದನ್ನೊಂದು ಛೇದಿಸುವುದನ್ನು ಗಾಳಿಯಲ್ಲಿ ಬೆರಳುಗಳಿಂದ ತಿದ್ದಿ ತೋರಿಸುವಾಗ, ಇಲ್ಲದ ಆಕೃತಿಯು ಹುಡುಗರ ಕಣ್ಣಿಗೆ ಕಟ್ಟಿದಂತಾಗುತ್ತಿತ್ತಂತೆ. 1795ರಲ್ಲಿ ಪ್ಯಾರಿಸ್ಸಿನ ಅಧ್ಯಾಪಕಶಾಲೆಯಲ್ಲಿ ಅವನು ಇದೇ ವಿಷಯವನ್ನು ಬೋಧಿಸಿದನು. ಶೀಘ್ರಲಿಪಿಕಾರರು ಅದನ್ನು ಬರೆದುಕೊಂಡರು. ಯುದ್ಧರಹಸ್ಯವು ಹೀಗೆ ಬಯಲಾಯಿತು. 1799ರಲ್ಲಿ, ಮೋಂಜನು ನೆಪೋಲಿಯನ್ನನ ಸಂಗಡ ಈಜಿಪ್ಟಿಗೆ ಹೋಗಿದ್ದಾಗ, ಪುಸ್ತಕವಾಗಿಯೂ ಹೊರಬಂದಿತು. ಜನ್ಮದ ಕಾರಣದಿಂದ ಯಾವ ವಿದ್ಯೆಯ ಬಾಗಿಲಲ್ಲಿ ಅವನನ್ನು ತಡೆದಿದ್ದರೋ, ಆ ವಿದ್ಯೆಯು ಈಗ ಕಾಸು ಕೊಟ್ಟವನಿಗೆ ಅಂಗಡಿಯಲ್ಲಿ ದೊರೆಯುವಂತಾಯಿತು.

ತೆರೆದ ಬಾಗಿಲು ಹಾಗೆಯೇ ಉಳಿಯಲಿಲ್ಲ. ನೆಪೋಲಿಯನ್ನನು ಚಕ್ರವರ್ತಿಯಾಗಲು ಹೊರಟಾಗ ಶಾಲೆಯ ಹುಡುಗರು ಅದನ್ನು ಮೆಚ್ಚಲಿಲ್ಲ. ನಿನ್ನ ಹುಡುಗರು ನನ್ನ ಮೇಲೆ ತಿರುಗಿಬಿದ್ದಿರುವರಲ್ಲಾ ಎಂದು ಅವನು ಆಕ್ಷೇಪಿಸಲಾಗಿ, ಅವರನ್ನು ಪ್ರಜಾಪ್ರಭುತ್ವದ ಪಕ್ಷಪಾತಿಗಳನ್ನಾಗಿ ಮಾಡುವುದಕ್ಕೇ ಬಹಳ ಕಷ್ಟವಾಯಿತು, ಚಕ್ರವರ್ತಿಯ ಪಕ್ಷಕ್ಕೆ ತಿರುಗಲು ಸ್ವಲ್ಪ ಕಾಲ ಬೇಡವೆ, ತಾವಾದರೋ ಬಲು ಬೇಗ ತಿರುಗಿದಿರಿ, ಎಂದು ಮೋಂಜನು ಉತ್ತರವಿತ್ತನೆಂದು ಪ್ರತೀತಿ. ಅದು ಹೇಗಾದರೂ ಇರಲಿ, 1804ರಲ್ಲಿ ಶಾಲೆಯು ಸೈನಿಕ ಶಿಸ್ತಿಗೆ ಒಳಪಟ್ಟಿತು. ಬಳಿಕ ವಿದ್ಯಾರ್ಥಿಗಳು ಶುಲ್ಕವನ್ನು ತೆರಬೇಕಾಯಿತು. ಬಡವರ ಮಕ್ಕಳಿಗೆ ಇದರಿಂದ ಆದ ಕೇಡನ್ನು ವಿವರಿಸಬೇಕಾಗಿಲ್ಲ. ಪಾಠಗಳ ಸ್ವರೂಪವೂ ಕ್ರಮೇಣ ಬದಲಾಯಿತು. ಲಾಪ್ಲಾಸನೇ ಮೊದಲಾದವರ ಪ್ರಭಾವದಿಂದ ಬೀಜಗಣಿತ ಕಲನಗಣಿತಗಳು ಮುಂದಾಗಿ, ಕೈಯ ಕೆಲಸ ಹಿಂದಾಯಿತು. ಬುದ್ಧಿಗೆ ಮನ್ನಣೆ, ಕೈಗೆ ಎರಡನೆಯ ಮಣೆ, ಎಂಬ ಈ ಭೇದವು ಅಂದಿನಿಂದ ಎಂಜಿನಿಯರಿಂಗ್ ವಿದ್ಯೆಯನ್ನು ಬಿಟ್ಟುಹೋಗಿಲ್ಲ. ಇದು ದೊಡ್ಡ ಪ್ರಮಾದವೆಂದೇ ಹೇಳಬೇಕು.

ನೆಪೋಲಿಯನ್ನನು ಬಿದ್ದನು, ಅರಸರು ಮರಳಿದರು. 1816ರಲ್ಲಿ ಮೋಂಜನ ಹೆಸರನ್ನು ವಿದ್ವತ್ಪರಿಷತ್ತಿನಿಂದ ತೆಗೆದುಹಾಕಿದರು. ಮನಸ್ಸು ಒಡೆದ ಮುದುಕನು 1818ರ ಜುಲೈ 28ರಂದು ತೀರಿಕೊಂಡನು. ಗುರುವಿನ ಶವದ ಹಿಂದೆ ನಡೆಯಲು ಶಾಲೆಯ ಹುಡುಗರು ಅಪ್ಪಣೆ ಬೇಡಿದರು. ಅಪ್ಪಣೆ ದೊರೆಯಲಿಲ್ಲ. ಶಿಸ್ತನ್ನು ಮೀರದೆ ಅವರು ಸುಮ್ಮನಿದ್ದು, ಹೊರಗೆ ಹೋಗಲು ಬಿಡುವು ದೊರೆತ ಮೊದಲನೆಯ ದಿನವೇ ಎಲ್ಲರೂ ಕೂಡಿ ಸಮಾಧಿಗೆ ಹೋಗಿ ಬಂದರು. ಆ ಅಸ್ಥಿಗಳು ರಾಷ್ಟ್ರವೀರರ ಮಂದಿರವಾದ ಪಾಂತೆಯೋನಿಗೆ ಸೇರಿದುದು 1989ರಲ್ಲಿ.

ಇಂಗ್ಲೆಂಡಿನ ದಾರಿಯು ಬೇರೆ. ಅಲ್ಲಿ ಎಂಜಿನಿಯರನಾಗತಕ್ಕವನು ಹೆಸರಾದ ಎಂಜಿನಿಯರನೊಬ್ಬನಿಗೆ ಹಣ ಕೊಟ್ಟು, ಅವನ ಕೈಕೆಳಗೆ ಉಮೇದುವಾರನಾಗಿ ದುಡಿದು ಕಲಿಯುತ್ತಿದ್ದನು. ಟೆಲ್ಫರ್ಡನು ಕಲ್ಲುಕುಟಿಗನಾಗಿದ್ದವನು, ಉಗಿಬಂಡಿಯ ಜಾರ್ಜ್ ಸ್ಟೀವನ್‌ಸನ್ನನು ಹದಿನೆಂಟು ತುಂಬುವವರೆಗೆ ಓದುಬರಹವನ್ನೇ ಅರಿಯನು. ಇಂತಹವರನ್ನು ಕಂಡ ಜನಕ್ಕೆ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿಸುವುದು ನಗೆಪಾಟಲಿನ ಮಾತಾಗಿ ತೋರಿತು. ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಇದಕ್ಕೆ ಪೀಠವೊಂದು 1840ರಲ್ಲಿ ಏರ್ಪಟ್ಟಿತು. 1855ರಲ್ಲಿ ಆ ಪೀಠಕ್ಕೆ ಬಂದ ರ‍್ಯಾಂಕಿನ್ ಪಂಡಿತನು ಶಾಸ್ತ್ರಕ್ಕೂ ಪ್ರಯೋಗಕ್ಕೂ ವಿರೋಧವಿಲ್ಲವೆಂಬುದನ್ನೇ ತನ್ನ ಆರಂಭದ ಉಪನ್ಯಾಸದ ವಿಷಯವನ್ನಾಗಿ ಮಾಡಿಕೊಳ್ಳಬೇಕಾಯಿತು. ಆದರೆ ವಿಚಿತ್ರವೇನೆಂದರೆ, ತನ್ನ ನಾಡಿನಲ್ಲಿ ಕಾಲೇಜನ್ನು ನಂಬದ ಈ ಜನವು ಭರತಖಂಡದಲ್ಲಿ ಕಾಲೇಜನ್ನು ಬೇಗನೆ ಕಟ್ಟಿತು. ಅವಶ್ಯಕತೆಯೇ ಅದಕ್ಕೆ ಕಾರಣ. ಇಲ್ಲಿ ಕೆಲಸವು ಬೆಟ್ಟದಷ್ಟಿದ್ದಿತು. ಇಂಗ್ಲೆಂಡಿನಿಂದ ಕರೆತಂದ ಆಳು ದುಬಾರಿ.

ಪ್ಯಾರಿಸ್ಸಿನಲ್ಲಿ ಮಹಾಶಾಲೆಯು ಹುಟ್ಟಿದ 1794ನೆಯ ಇಸವಿಯಲ್ಲಿಯೇ ಮದರಾಸಿನಲ್ಲಿ ಮೈಕೇಲ್ ಟಾಪಿಂಗ್ ಎಂಬವನ ಪ್ರಯತ್ನದಿಂದ ಒಂದು ಮೋಜಣಿ ಶಾಲೆಯು ತಲೆಯೆತ್ತಿತು. ಒಂದಕ್ಕೊಂದು ಸಂಬಂಧವಿಲ್ಲ, ಕಾಲವಷ್ಟೇ ಒಂದು. ಅಲ್ಲಿ 400, ಇಲ್ಲಿ 8 ಮಂದಿ ಹುಡುಗರು. ಶ್ರೀರಂಗಪಟ್ಟಣವು ಬಿದ್ದ ಬಳಿಕ ಕಾಲಿನ್ ಮೆಕೆಂಜಿಯು ಮೈಸೂರು ಸೀಮೆಯನ್ನು ಅಳೆದಾಗ, ಈ ಶಾಲೆಯಲ್ಲಿ ಕಲಿತ ಹುಡುಗರು ಸಹಾಯಕರಾಗಿ ದುಡಿದರು. ಕನ್ನಡನಾಡಿನ ಹಳ್ಳಿ ಕೆರೆ ಬೆಟ್ಟಗಳನ್ನು ಹೊಸ ರೀತಿಯ ನಕ್ಷೆಗೆ ಇಳಿಸಿದವರಲ್ಲಿ ಅವರೂ ಸೇರಿದ್ದರು. ಆ ಶಾಲೆಯೇ 1859ರಲ್ಲಿ ಎಂಜಿನಿಯರಿಂಗ್ ಕಾಲೇಜಾಗಿ, 1920ರಲ್ಲಿ ಗಿಂಡಿಗೆ ಹೋಗಿ, ಆ ಹೆಸರಿನಿಂದ ಪ್ರಖ್ಯಾತವಾಯಿತು.

ನಿಜವಾದ ಕಾಲೇಜೆನಿಸಿಕೊಂಡು ಮೊದಲು ನಿಂತುದು ರೂರ್ಕಿಯದು. 1837-38ರ ಭೀಕರ ಕ್ಷಾಮದಲ್ಲಿ ಗಂಗಾ ಯಮುನೆಗಳ ನಡುವಣ ಸೀಮೆಯು ಬೆಂದುಹೋಯಿತು. ಗಂಗೆಯ ನೀರನ್ನು ಹರಿದ್ವಾರದ ಬಳಿ ತಿರುಗಿಸಿ ಆ ಸೀಮೆಗೆ ಹಾಯಿಸಬೇಕೆಂದು ಪ್ರೋಬಿ ಕಾಟ್ಲಿಯೆಂಬ ಅಧಿಕಾರಿಯು ಯೋಜಿಸಿ, 1842ರಲ್ಲಿ ಕೆಲಸಕ್ಕೆ ಕೈಹಾಕಿದನು. ರೂರ್ಕಿಯ ಹತ್ತಿರ ಸೊಲಾನಿ ಎಂಬ ನದಿಯು ಅಡ್ಡ ಬಂದಿತು. ನದಿಯ ಮೇಲೆ ಕಮಾನುಗಳನ್ನು ಕಟ್ಟಿ, ಕಮಾನುಗಳ ಮೇಲೆ ಇನ್ನೊಂದು ನದಿಯನ್ನೇ ಹರಿಯಿಸಬೇಕು! ಇದಕ್ಕೆ ಅಳೆಯುವವರು, ಬರೆಯುವವರು, ಮೇಲ್ವಿಚಾರಣೆ ಮಾಡುವವರು ನೂರಾರು ಮಂದಿ ಬೇಕು. ವಾಯವ್ಯ ಪ್ರಾಂತಗಳ ಲೆಫ್ಟಿನೆಂಟ್ ಗವರ್ನರನಾಗಿದ್ದ ಜೇಮ್ಸ್ ಥಾಮಸನ್ನನು 1847ರಲ್ಲಿ, ಕೆಲಸವು ನಡೆಯುವೆಡೆಯಲ್ಲಿಯೇ ಕಾಲೇಜು ಇರಲೆಂದು ಯೋಜನೆ ಕಳುಹಿಸಿ ಮಂಜೂರು ಮಾಡಿಸಿದನು. ಬಂಗಾಳದ ಎಂಜಿನಿಯರ್ ಪಡೆಯ ಲೆಫ್ಟಿನೆಂಟ್ ಮೆಕ್ಲಾಗನ್ ಮೊದಲನೆಯ ಪ್ರಿನ್ಸಿಪಾಲನು. ಓದುವವನು ಕಿಟಕಿಯಿಂದ ಇಣಿಕಿದರೆ ತಾನು ಹಾಳೆಯ ಮೇಲೆ ಬರೆದ ಕಮಾನು ಇಟ್ಟಿಗೆಯಲ್ಲಿ ಏಳುತ್ತಿರುವುದನ್ನು ನೋಡಬಹುದಾಗಿತ್ತು. ಇಂತಹ ಭಾಗ್ಯವು ಮುಂದೆ ಎಷ್ಟು ಕಾಲೇಜುಗಳಿಗೆ ಒದಗಿತು? 1854ರ ಏಪ್ರಿಲ್ 8ರಂದು ಕಾಲುವೆಯಲ್ಲಿ ನೀರು ಹರಿಯಿತು. ಥಾಮಸನ್ನನು ಅದನ್ನು ಕಾಣಲು ಬದುಕಿರಲಿಲ್ಲ. ಹಿಂದಿನ ವರ್ಷವೇ ಗತಿಸಿದ್ದ ಅವನ ಹೆಸರನ್ನು ಕಾಲೇಜಿಗೆ ಇಟ್ಟರು.

ರೂರ್ಕಿಯಲ್ಲಿ ಮೂರು ವರ್ಗಗಳಿದ್ದುವು. ಇಂಗ್ಲಿಷ್ ಬಲ್ಲವರಿಗೆ ಮೇಲಣ ಎಂಜಿನಿಯರ್ ವರ್ಗ. ಬಿಳಿಯ ಸಿಪಾಯಿಗಳಿಗೆ ಓವರ್‌ಸಿಯರುಗಳಾಗಲು ಎರಡನೆಯದು. ದೇಶೀಯ ತರುಣರಿಗೆ ಕೆಳಗಿನ ನೌಕರಿಗಾಗಿ ಮೂರನೆಯದು. ಈ ಮೂರನೆಯ ವರ್ಗದ ಪಾಠವು ಉರ್ದುವಿನಲ್ಲಿ ನಡೆಯುತ್ತಿತ್ತು. ಗಣಿತ, ಮೋಜಣಿ, ನಕ್ಷೆ ಬರೆಯುವುದು ಇವನ್ನು ಆ ಸೀಮೆಯ ಹುಡುಗರು ತಮಗೆ ಬರುವ ಮಾತಿನಲ್ಲಿಯೇ ಕಲಿತರು. ಶಾಸ್ತ್ರವಿಷಯಗಳಿಗೆ ದೇಶಭಾಷೆಗಳು ಸಾಲವೆಂದು ಹೇಳುವವರಿಗೆ ಇದು ತಕ್ಕ ಉತ್ತರ. ಆದರೆ ಉತ್ತರದೊಳಗೆ ಮುಳ್ಳೊಂದುಂಟು: ದೇಶಭಾಷೆಯು ಇದ್ದುದು ಕೆಳಗಿನ ವರ್ಗದಲ್ಲಿ ಮಾತ್ರ; ಸಂಬಳವು ಹೆಚ್ಚಿದಂತೆಲ್ಲಾ ಭಾಷೆಯು ಬದಲಾಗುತ್ತಿತ್ತು.

ರೂರ್ಕಿಯ ಹಿಂದೆಯೇ 1854ರಲ್ಲಿ ಪುಣೆಯಲ್ಲಿ, 1856ರಲ್ಲಿ ಕಲ್ಕತ್ತೆಯಲ್ಲಿ ಎಂಜಿನಿಯರಿಂಗ್ ತರಗತಿಗಳು ತೆರೆದುವು. ಹೀಗೆ ಇಲ್ಲಿಯೇ ಎಂಜಿನಿಯರುಗಳು ತಯಾರಾಗುತ್ತಿರಲು, 1871ರಲ್ಲಿ ಇಂಗ್ಲೆಂಡಿನ ಕೂಪರ್ಸ್ ಹಿಲ್ ಎಂಬಲ್ಲಿ ಭಾರತದ ಮರಾಮತ್ತು ಇಲಾಖೆಗೆಂದೇ ಒಂದು ಕಾಲೇಜನ್ನು ಸರ್ಕಾರದವರು ಸ್ಥಾಪಿಸಿದರು. ಸಮುದ್ರವನ್ನು ದಾಟಿ ಹೋಗಿ ಅಲ್ಲಿ ಓದಬಲ್ಲ ಭಾರತೀಯರು ಎಷ್ಟು ಮಂದಿ? ಮೇಲಣ ಹುದ್ದೆಗಳಲ್ಲಿ ಬಹುಪಾಲು ಅಲ್ಲಿಂದ ಬಂದವರ ಪಾಲಾಗಿ, ಈ ದೇಶದ ಕಾಲೇಜುಗಳಿಗೆ ಎಣಿಸಿಕೊಟ್ಟ ಕೆಲವು ಹುದ್ದೆಗಳಷ್ಟೇ ಉಳಿದುವು. ಮೆಜಿಯೇರಿನ ನಕ್ಷೆಗಾರರ ಕೊಠಡಿಯು ಇನ್ನೊಂದು ವೇಷದಲ್ಲಿ ಇಲ್ಲಿಗೆ ಬಂದಿತೆನ್ನಬಹುದು. ಗೆರೆ ಎಳೆಯುವ ಕೈ ಇರಲಿ, ಅಪ್ಪಣೆ ಕೊಡುವ ಕೈ ಬೇರೆಯವರದಾಗಿರಲಿ! ಕೂಪರ್ಸ್ ಹಿಲ್ ಕಾಲೇಜು 1906ರಲ್ಲಿ ಮುಚ್ಚಿತು.

ಈ ವ್ಯವಸ್ಥೆಯೊಳಗೆ ಬೆಳೆದು ಬಂದವರೇ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ. ಎ. ಪದವಿಯನ್ನು ಪಡೆದು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಗೆ ಹೋಗಿ, 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಎಂಜಿನಿಯರಿಂಗ್ ಕಲಿಯುವ ಮೈಸೂರಿನ ಹುಡುಗನು ಆಗ ಪುಣೆಗೋ ಮದರಾಸಿಗೋ ರೂರ್ಕಿಗೋ ಹೋಗಲೇಬೇಕಾಗಿತ್ತು. ಮನೆಯವರಿಗೆ ಅದು ಎಷ್ಟು ಭಾರವೆಂಬುದನ್ನು ಅವರು ಅನುಭವದಿಂದ ಬಲ್ಲರು. ಮುಂಬಯಿ ಪ್ರಾಂತದ ಸೇವೆಯಲ್ಲಿ ಅವರ ಯೋಗ್ಯತೆಯನ್ನು ಒಪ್ಪದವರಿರಲಿಲ್ಲ. ಆದರೂ ಅಲ್ಲಿ ಮುಖ್ಯ ಎಂಜಿನಿಯರನ ಪೀಠವು ಭಾರತೀಯನೊಬ್ಬನಿಗೆ ದೊರೆಯುವ ಸಂಭವ ಕಾಣದೆ, ಅವರು ಅವಧಿಗೆ ಮುಂಚೆಯೇ ನಿವೃತ್ತರಾದರು. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರಾದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. ಮರುವರ್ಷವೇ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು. ಸಿವಿಲ್, ಮೆಕ್ಯಾನಿಕಲ್ ಎಂಬ ಎರಡು ಶಾಖೆಗಳಿಂದ ಅದು ಆರಂಭವಾಯಿತು. ಪುಣೆಗೆ ಹೋಗಲಾರದ ಮನೆಯ ಹುಡುಗನೂ ಇನ್ನು ಡ್ರಾಯಿಂಗ್ ಬೋರ್ಡಿನ ಮುಂದೆ ನಿಲ್ಲಬಹುದಾಯಿತು.

ಆ ಕಾಲೇಜಿನ ಆರಂಭದ ದಿನಗಳಲ್ಲಿ ಬೋಧಿಸಿದವರಲ್ಲಿ ಎಸ್. ವಿ. ಸೆಟ್ಟಿಯವರ ಹೆಸರನ್ನು ಮರೆಯಕೂಡದು. ಮೈಸೂರಿನವರಾದ ಇವರು ರೂರ್ಕಿಯಲ್ಲಿ ಓದಿ, ಇಂಗ್ಲೆಂಡಿಗೆ ಹೋಗಿ, ವಿಮಾನವೆಂಬುದೇ ಜನಕ್ಕೆ ಬೆರಗಾಗಿದ್ದ ಕಾಲದಲ್ಲಿ ಎ. ವಿ. ರೋ ಎಂಬವನ ಕಾರ್ಖಾನೆಯಲ್ಲಿ ವಿಮಾನರಚನೆಯ ಕೆಲಸ ಮಾಡಿ ಬಂದವರು. 1918ರ ಇನ್‌ಫ್ಲುಯೆಂಜಾ ಮಾರಿಯು ಅವರನ್ನು ಅಕಾಲದಲ್ಲಿ ಒಯ್ದಿತು.

ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯುವುದಕ್ಕೆ ಇನ್ನೂ ತಡವಾಯಿತು. ಗಿಂಡಿ ಕಾಲೇಜಿನಲ್ಲಿ 1940ರಲ್ಲಿ ಎ. ಲಲಿತಾ ಎಂಬಾಕೆಯು ವಿದ್ಯುತ್ ಶಾಖೆಗೆ ಸೇರಿದರು. ಹದಿನೆಂಟನೆಯ ವಯಸ್ಸಿನಲ್ಲಿಯೇ ವಿಧವೆಯಾಗಿ, ಕೈಯಲ್ಲೊಂದು ಹೆಣ್ಣುಮಗುವಿದ್ದ ತಾಯಿ ಆಕೆ. ತಂದೆಯು ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದುದರಿಂದ ದಾರಿಯು ಸ್ವಲ್ಪ ಸುಗಮವಾಯಿತು. ಇಂದು ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ಹೆಣ್ಣುಮಕ್ಕಳು ಕಾಣುವರು. ಆ ಮನೆಗಳ ಹಿರಿಯರಿಗೆ ಲಲಿತಮ್ಮನವರ ಹೆಸರು ತಿಳಿದಿದ್ದರೆ ಚೆನ್ನಾಗಿತ್ತು.

ಕರ್ಣಾಟಕದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಹುಪಾಲು 1998ರಲ್ಲಿ ಸ್ಥಾಪಿತವಾದ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದುವು. ಮೊದಲನೆಯ ವರ್ಷದ ಹುಡುಗರನ್ನು ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಎರಡು ಪಂಗಡ ಮಾಡಿ, ಅರ್ಧವರ್ಷಕ್ಕೊಮ್ಮೆ ಅದಲುಬದಲು ಮಾಡುವ ಪದ್ಧತಿಯು ಅಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎಲ್ಲ ಶಾಖೆಗಳಿಗೂ ಒಂದೇ ತಳಹದಿ ಎಂಬ ಪ್ಯಾರಿಸ್ಸಿನ ಭಾವನೆಯು ಇಲ್ಲಿ ಕಾಣುವುದು. ಕೇಳಿದ ಗಳಿಗೆಯೇ ಕೈಯಾರೆ ಮಾಡಿಸುವ ಪ್ಯಾರಿಸ್ಸಿನ ಪದ್ಧತಿಯು ಅಷ್ಟಾಗಿ ಕಾಣದು. ಅರವತ್ತೆಪ್ಪತ್ತು ಮಂದಿಯ ತರಗತಿಯಲ್ಲಿ ಒಬ್ಬ ಉಪಾಧ್ಯಾಯನು ಯಾರ ಗೆರೆಯನ್ನೆಂದು ತಿದ್ದುವನು? 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಲಿಯವರು ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಪದವಿಶಿಕ್ಷಣಕ್ಕೆ ಅನುಮತಿಯಿತ್ತರು. ರೂರ್ಕಿಯ ಮೂರನೆಯ ವರ್ಗದ ಪಾಠಕ್ರಮವು ಒಂದು ನೂರ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಮೊದಲನೆಯ ವರ್ಗವನ್ನು ಮುಟ್ಟಿತು. ಕನ್ನಡದಲ್ಲಿ ಓದಲು ಮುಂದೆ ಬಂದ ಹುಡುಗರು ಮಾತ್ರ ಬಹು ಕಡಿಮೆ. ಕನ್ನಡದಲ್ಲಿ ಓದಿದರೆ ಕೆಲಸ ಸಿಕ್ಕೀತೆ ಎಂದು ತಾಯಿತಂದೆಗಳು ಅಂಜುವುದು ಸಹಜವೇ. ಸಂಬಳದೊಡನೆ ಭಾಷೆಯು ಬದಲಾಗುವ ರೂರ್ಕಿಯ ವ್ಯವಸ್ಥೆಯು ಇಂದಿಗೂ ಅಳಿದಿಲ್ಲ.

ಡ್ರಾಯಿಂಗ್ ಬೋರ್ಡೂ ಟೀ-ಸ್ಕ್ವೇರೂ ಈಗ ಕಾಲೇಜುಗಳಲ್ಲಿ ಅಪರೂಪವಾಗುತ್ತಿವೆ. ಅಡ್ಡಗೆರೆಯನ್ನೂ ಲಂಬಗೆರೆಯನ್ನೂ ಕಂಪ್ಯೂಟರೇ ಎಳೆದುಕೊಡುವುದು; ವಸ್ತುವನ್ನು ಪರದೆಯ ಮೇಲೆ ಹಿಂದೆ ಮುಂದೆ ತಿರುಗಿಸಿಯೂ ತೋರಿಸುವುದು. ಕೈಗೆ ಮಸಿ ಹತ್ತುವುದಿಲ್ಲ, ಹಾಳೆಯು ಹರಿಯುವುದಿಲ್ಲ. ಆದರೂ ಹೊಸದಾಗಿ ಬಂದ ಹುಡುಗರಿಗೆ ಮೊದಲು ಎಳೆಯಲು ಹೇಳುವುದು ನಡುವಣ ಆ ಗೆರೆಯನ್ನೇ. ಅದಕ್ಕೆ ಎಕ್ಸ್-ವೈ ರೇಖೆಯೆಂದು ಹೆಸರು. ಅದರ ಮೇಲೆ ಒಂದು ಚುಕ್ಕೆ, ಕೆಳಗೆ ಒಂದು ಚುಕ್ಕೆ; ಇವೆರಡೂ ಒಂದೇ ಬಿಂದುವಿನ ನೋಟಗಳೆಂದು ಉಪಾಧ್ಯಾಯನು ಹೇಳುವನು. ಹಿಂದಿನ ಬೆಂಚಿನ ಹುಡುಗನು ಪಕ್ಕದವನ ಮುಖವನ್ನು ನೋಡುವನು. ಉಪಾಧ್ಯಾಯನು ಎರಡು ಕೈಗಳನ್ನೂ ಮೇಲೆತ್ತಿ, ಒಂದನ್ನು ನೆಲದಂತೆಯೂ ಇನ್ನೊಂದನ್ನು ಗೋಡೆಯಂತೆಯೂ ಹಿಡಿದು, ಗೋಡೆಯನ್ನು ಹಿಂದಕ್ಕೆ ಮಗುಚಿ ತೋರಿಸುವನು.